ನಾಯಿಗೆ ಹಣ್ಣು ಕೊಡುವ ಮುಂಚೆ: ಯಾವ ಭಾಗ, ಎಷ್ಟು, ಹೇಗೆ

ನಮ್ಮ ಚಿನ್ನು ಮಾವಿನ ಓಟೆ ನುಂಗಿದ್ದು ನಮಗೆ ಗೊತ್ತೇ ಆಗಿರಲಿಲ್ಲ. ಎರಡು ದಿನ ಚೆನ್ನಾಗೇ ಇದ್ದಳು. ಮೂರನೇ ದಿನ ಊಟ ಬಿಟ್ಟಳು. ಕುಡಿದ ನೀರೂ ವಾಂತಿಯಾಯಿತು. ಸಂಜೆ ಹೊತ್ತಿಗೆ ಮೂಲೆ ಸೇರಿ, ಬೆನ್ನು ಬಾಗಿಸಿಕೊಂಡು ನಿಂತುಬಿಟ್ಟಳು. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣಲಿಲ್ಲ. ಹೊಟ್ಟೆಯ ಸ್ಕ್ಯಾನ್ ಮಾಡಿದ ಮೇಲೆ ಕರುಳಿನಲ್ಲಿ ಗಟ್ಟಿಯಾದದ್ದು ಏನೋ ಸಿಕ್ಕಿಕೊಂಡಿದೆ ಅಂತ ತಿಳಿಯಿತು. ಅದೇ ರಾತ್ರಿ ಆಪರೇಷನ್ ಆಯಿತು. ಹೊರಗೆ ಬಂದದ್ದು ಕಸದ ಬುಟ್ಟಿಯಿಂದ ಅವಳು ಎತ್ತಿಕೊಂಡಿದ್ದ ಓಟೆ.

ಚಿನ್ನು ಬದುಕಿದಳು. ಆದರೆ ಆ ರಾತ್ರಿ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಅದೇ ಮಾವಿನ ತಿರುಳನ್ನು ಅವಳು ಎಷ್ಟೋ ಸಲ ನಮ್ಮ ಕೈಯಿಂದಲೇ ತಿಂದಿದ್ದಳು, ಏನೂ ಆಗಿರಲಿಲ್ಲ. ಹಾಗಾಗಿ "ನಾಯಿಗೆ ಈ ಹಣ್ಣು ಕೊಡಬಹುದಾ?" ಅಂತ ಯಾರಾದರೂ ಕೇಳಿದರೆ ನಾನು ಬರೀ ಹೌದು, ಇಲ್ಲ ಅಂತ ಹೇಳುವುದನ್ನು ಬಿಟ್ಟಿದ್ದೇನೆ. ಹಣ್ಣಿನ ಯಾವ ಭಾಗ, ಎಷ್ಟು, ಯಾವ ನಾಯಿಗೆ ಅಂತ ಕೇಳಿಕೊಂಡರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ. ನಾನು ಕಲಿತದ್ದನ್ನೆಲ್ಲ ಮನೆಯಲ್ಲಿ ಮಾಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ನಾಯಿ ಹೇಗೆ ತಿನ್ನುತ್ತದೆ ಅನ್ನುವುದನ್ನು ನೋಡಿ

ನಾವು ಹಣ್ಣನ್ನು ಬಾಯಲ್ಲಿ ಅರೆಯುತ್ತೇವೆ. ನಮ್ಮ ದವಡೆ ಅಕ್ಕಪಕ್ಕಕ್ಕೂ ಆಡುತ್ತದೆ. ನಾಯಿಯ ದವಡೆ ಹೆಚ್ಚಾಗಿ ಮೇಲೆ ಕೆಳಗೆ ಮಾತ್ರ ಆಡುತ್ತದೆ. ಅದರ ಹಲ್ಲುಗಳು ಕತ್ತರಿಯ ಹಾಗೆ ಹರಿದು, ತುಂಡು ಮಾಡಿ, ನುಂಗುವುದಕ್ಕೆ ಆಗಿರುವಂಥವು. ಪಿಷ್ಟವನ್ನು ಒಡೆಯುವ ಕಿಣ್ವ ನಮ್ಮ ಎಂಜಲಿನಲ್ಲಿ ಇದೆ, ನಾಯಿಯ ಎಂಜಲಿನಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ನಾವು ಕೊಟ್ಟ ತುಂಡು ಬಹುಪಾಲು ಕೊಟ್ಟ ಹಾಗೇ ಹೊಟ್ಟೆಗೆ ಇಳಿಯುತ್ತದೆ. ಬೀಜ ಇದ್ದರೆ ಬೀಜ, ಸಿಪ್ಪೆ ಇದ್ದರೆ ಸಿಪ್ಪೆ. ಉಗಿಯುವುದು ಅದಕ್ಕೆ ಗೊತ್ತಿಲ್ಲ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ಅರ್ಧ ನಿಯಮಗಳು ತಾನಾಗಿಯೇ ಅರ್ಥವಾಗುತ್ತವೆ.

ಇನ್ನೊಂದು ವಿಷಯ. ನಾಯಿಗೆ ಸಿಹಿ ರುಚಿ ಗೊತ್ತಾಗುತ್ತದೆ (ಬೆಕ್ಕಿಗೆ ಗೊತ್ತಾಗುವುದಿಲ್ಲ). ಅದಕ್ಕೇ ಬಾಳೆಹಣ್ಣು ಸುಲಿಯುವ ಸದ್ದಿಗೆ ಓಡಿ ಬರುತ್ತದೆ. ಆದರೆ ಇಷ್ಟಪಟ್ಟು ತಿನ್ನುತ್ತದೆ ಅಂದ ಮಾತ್ರಕ್ಕೆ ಅದು ಅದರ ಮೈಗೆ ಒಳ್ಳೆಯದು ಅಂತ ಅರ್ಥವಲ್ಲ. ದ್ರಾಕ್ಷಿಯನ್ನೂ ಅದು ಅಷ್ಟೇ ಇಷ್ಟಪಟ್ಟು ತಿನ್ನುತ್ತದೆ.

ಹಣ್ಣು ನಾಯಿಗೆ ಬೇಕೇ ಬೇಕಾ? ಬೇಡ. ಆರೋಗ್ಯವಾಗಿರುವ ನಾಯಿ ತನಗೆ ಬೇಕಾದ ವಿಟಮಿನ್ ಸಿಯನ್ನು ತನ್ನ ಲಿವರ್‌ನಲ್ಲೇ ತಯಾರಿಸಿಕೊಳ್ಳುತ್ತದೆ. ಸಮತೋಲನದ ಊಟ ಸಿಗುತ್ತಿದ್ದರೆ ಹಣ್ಣಿಲ್ಲದೆ ಯಾವ ಕೊರತೆಯೂ ಆಗುವುದಿಲ್ಲ. ಹಾಗಿದ್ದರೂ ನಾನು ಯಾಕೆ ಕೊಡುತ್ತೇನೆ? ಒಂದು ಬಿಸ್ಕತ್ತಿನ ಬದಲು ನಾಲ್ಕು ತುಂಡು ಕಲ್ಲಂಗಡಿ ಕೊಟ್ಟರೆ ಅವಳಿಗೆ ತಿಂದ ಖುಷಿ ಜಾಸ್ತಿ, ಕ್ಯಾಲೊರಿ ಕಡಿಮೆ, ಜೊತೆಗೆ ಒಂದಿಷ್ಟು ನೀರೂ ಹೋಗುತ್ತದೆ. ಅಷ್ಟಕ್ಕೆ ಮಾತ್ರ. ಊಟದ ಬದಲಿಗೆ ಹಣ್ಣು ಯಾವತ್ತೂ ಬೇಡ.

ಎರಡನೆಯದು: ಕೊಡಲೇಬಾರದ ಹಣ್ಣುಗಳನ್ನು ಬಾಯಿಪಾಠ ಮಾಡಿ

ಕೊಡಬಹುದಾದ ಹಣ್ಣುಗಳ ಪಟ್ಟಿ ಮರೆತರೂ ನಡೆಯುತ್ತದೆ. ಇದನ್ನು ಮಾತ್ರ ಮರೆಯಬೇಡಿ. ಮನೆಯಲ್ಲಿರುವ ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ, ಬಂದುಹೋಗುವ ನೆಂಟರಿಗೆ, ಎಲ್ಲರಿಗೂ ಹೇಳಿಡಿ.

ಮೊದಲ ಹೆಸರು ದ್ರಾಕ್ಷಿ. ಹಸಿರು, ಕಪ್ಪು, ಬೀಜ ಇರುವುದು, ಇಲ್ಲದ್ದು, ಮನೆಯಂಗಳದಲ್ಲಿ ಔಷಧಿ ಹೊಡೆಯದೆ ಬೆಳೆದದ್ದು, ಯಾವುದೂ ಬೇಡ. ಒಣದ್ರಾಕ್ಷಿ ಇನ್ನೂ ಅಪಾಯ, ಯಾಕೆಂದರೆ ನೀರು ಹೋಗಿ ಉಳಿದದ್ದೆಲ್ಲ ಅದರಲ್ಲಿ ಒತ್ತಾಗಿ ಕೂತಿರುತ್ತದೆ. ಇದು ನಾಯಿಯ ಕಿಡ್ನಿಯನ್ನು ಹಾಳು ಮಾಡುತ್ತದೆ. ತಿಂದ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದೊಳಗೆ ವಾಂತಿ ಶುರುವಾಗುತ್ತದೆ. ಆಮೇಲೆ ಊಟ ಬಿಡುತ್ತದೆ, ಮಂಕಾಗುತ್ತದೆ. ಒಂದರಿಂದ ಮೂರು ದಿನದೊಳಗೆ ಕಿಡ್ನಿ ಕೆಲಸ ನಿಲ್ಲಿಸುವ ಹಂತಕ್ಕೆ ಹೋಗಬಹುದು. ಉಚ್ಚೆ ಹೊಯ್ಯುವುದು ನಿಂತರೆ ಪರಿಸ್ಥಿತಿ ತುಂಬಾ ಕೆಟ್ಟಿದೆ ಅಂತ ಅರ್ಥ.

ದ್ರಾಕ್ಷಿಯಲ್ಲಿ ಅಂಥದ್ದೇನಿದೆ ಅನ್ನುವುದು ಬಹಳ ವರ್ಷ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವೈದ್ಯರು ಒಂದು ಸುಳಿವು ಮುಂದಿಟ್ಟರು: ಟಾರ್ಟಾರಿಕ್ ಆಮ್ಲ. ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸುವ ಪುಡಿ, ಇದೇ ಆಮ್ಲದಿಂದ ಆದದ್ದು) ಹಾಕಿ ಮನೆಯಲ್ಲಿ ಮಾಡಿದ ಮಕ್ಕಳ ಆಟದ ಹಿಟ್ಟನ್ನು ತಿಂದ ನಾಯಿಯಲ್ಲೂ ದ್ರಾಕ್ಷಿ ತಿಂದಾಗಿನಂಥದೇ ತೊಂದರೆ ಕಂಡಿತ್ತು. ಅಲ್ಲಿಂದ ಈ ಎಳೆ ಸಿಕ್ಕಿತು. ಈ ಆಮ್ಲದ ಪ್ರಮಾಣ ದ್ರಾಕ್ಷಿಯ ತಳಿ, ಮಾಗಿದ ಹದ, ಬೆಳೆದ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಒಂದು ನಾಯಿ ಒಂದು ಗೊಂಚಲು ತಿಂದರೂ ಏನೂ ಆಗದೆ, ಇನ್ನೊಂದು ನಾಲ್ಕು ಹಣ್ಣಿಗೇ ಹಾಸಿಗೆ ಹಿಡಿಯುವುದಕ್ಕೆ ಇದೂ ಒಂದು ಕಾರಣ ಇರಬೇಕು. ಹಾಗಾಗಿ "ನಮ್ಮ ನಾಯಿ ತಿಂದಿತ್ತು, ಏನೂ ಆಗಲಿಲ್ಲ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಅದು ಹೋದ ಸಲದ ಅದೃಷ್ಟ ಮಾತ್ರ. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ದ್ರಾಕ್ಷಿಗೆ ಇಲ್ಲ.

ಇದೇ ಆಮ್ಲ ಹುಣಸೆಹಣ್ಣಿನಲ್ಲೂ ಜಾಸ್ತಿ ಇದೆ. ಅದನ್ನೂ ದೂರ ಇಡಿ. ಒಣದ್ರಾಕ್ಷಿ ಕಣ್ಣಿಗೆ ಕಾಣದ ಹಾಗೆ ಸೇರಿಕೊಳ್ಳುವ ತಿಂಡಿಗಳನ್ನೂ ನೆನಪಿಡಿ: ಕೇಕ್, ಬನ್, ಕುಕಿ, ಒಣಹಣ್ಣು ಬೆರೆಸಿದ ಬೆಳಗಿನ ಸೀರಿಯಲ್. ಹಣ್ಣಿನ ರೂಪದಲ್ಲಿ ಯಾರೂ ಕೊಡದಿದ್ದರೂ ಒಂದು ತುಂಡು ಕೇಕಿನ ಜೊತೆ ಅದು ಹೊಟ್ಟೆ ಸೇರಿಬಿಡುತ್ತದೆ.

ನಕ್ಷತ್ರದ ಆಕಾರದಲ್ಲಿ ಕತ್ತರಿಸಲು ಬರುವ ಕಮರಾಕ್ಷಿ ಹಣ್ಣು ಬೇಡ. ಅದರಲ್ಲಿ ಕರಗುವ ಆಕ್ಸಲೇಟ್ ಇದೆ. ಅದು ಕಿಡ್ನಿಗೆ ಪೆಟ್ಟು. ನಿಂಬೆಯ ಸಿಪ್ಪೆಯ ಎಣ್ಣೆ ಹೊಟ್ಟೆ ಕೆಡಿಸುತ್ತದೆ. ಪುಣ್ಯಕ್ಕೆ ಹೆಚ್ಚಿನ ನಾಯಿಗಳು ಅದರ ಹತ್ತಿರವೇ ಸುಳಿಯುವುದಿಲ್ಲ. ಲಿಚಿಯ ಬೀಜ ಮತ್ತು ಕಾಯಿಯಲ್ಲಿ ರಕ್ತದ ಸಕ್ಕರೆ ಇಳಿಸುವ ಅಂಶಗಳಿವೆ. ಸೀತಾಫಲದ ಬೀಜದಲ್ಲೂ ವಿಷದ ಅಂಶ ಇದೆ. ತಿರುಳಿನಿಂದ ಅಷ್ಟೂ ಬೀಜ ಬಿಡಿಸಿ ಕೊಡುವ ತಾಳ್ಮೆ ಯಾರಿಗೂ ಇರುವುದಿಲ್ಲ, ಅದಕ್ಕೇ ನಾನು ಆ ಹಣ್ಣನ್ನೇ ಪಟ್ಟಿಯಿಂದ ತೆಗೆದಿದ್ದೇನೆ.

ಬೆಣ್ಣೆಹಣ್ಣು, ಅಂದರೆ ಅವಕಾಡೊ, ಬಗ್ಗೆ ಬೇರೆ ಬೇರೆ ಮಾತು ಕೇಳಿರುತ್ತೀರಿ. ಅದರಲ್ಲಿರುವ ಪರ್ಸಿನ್ ಅನ್ನುವ ಅಂಶ ಹಕ್ಕಿಗಳಿಗೆ, ಮೇಕೆಗಳಿಗೆ, ಕುದುರೆಗಳಿಗೆ ಕೆಟ್ಟದ್ದು. ನಾಯಿಗಳು ಅದನ್ನು ಅವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಆದರೆ ಹಣ್ಣಿನ ತುಂಬಾ ಕೊಬ್ಬು, 100 ಗ್ರಾಂಗೆ ಸುಮಾರು 15 ಗ್ರಾಂ. ನಡುವೆ ದೊಡ್ಡ ಜಾರುವ ಬೀಜ. ಇಷ್ಟೆಲ್ಲ ರಿಸ್ಕ್ ತಗೊಂಡು ಕೊಡುವಂಥದ್ದು ಅದರಲ್ಲೇನೂ ಇಲ್ಲ.

ಮೂರನೆಯದು: ತೊಳೆದು, ಬಿಡಿಸಿ, ಕತ್ತರಿಸಿ

ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯುವ ಹಣ್ಣಾದರೂ ತೊಳೆಯಿರಿ. ಇಲ್ಲದಿದ್ದರೆ ಚಾಕುವಿನ ಜೊತೆ ಹೊರಗಿನ ಕೊಳೆ ಒಳಗಿನ ತಿರುಳಿಗೆ ಬರುತ್ತದೆ.

ಆಮೇಲೆ ಬೀಜ. ಸೇಬಿನ ಬೀಜದಲ್ಲಿ ಅಮಿಗ್ಡಲಿನ್ ಅನ್ನುವ ಅಂಶ ಇದೆ. ಬೀಜ ಜಜ್ಜಿಹೋದಾಗ ಅದರಿಂದ ಸೈನೈಡ್ ಹುಟ್ಟುತ್ತದೆ. ಇದನ್ನು ಓದಿ ಗಾಬರಿ ಬೇಡ. ಕಣ್ತಪ್ಪಿ ಒಂದೆರಡು ಬೀಜ ಇಡಿಯಾಗಿ ಹೋದರೆ ಸಾಮಾನ್ಯವಾಗಿ ಹಾಗೇ ಹೊರಗೆ ಬರುತ್ತವೆ. ಆದರೆ ದಿನಾ ಸೇಬು ತಿಂದು ಉಳಿದ ನಡುಭಾಗವನ್ನು ನಾಯಿಗೆ ಎಸೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಆ ಗಟ್ಟಿ ನಡುಭಾಗ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಪೀಚ್, ಪ್ಲಮ್, ಚೆರ್ರಿ, ಏಪ್ರಿಕಾಟ್ ಬೀಜಗಳಲ್ಲೂ ಇದೇ ಅಂಶ ಇದೆ. ಜೊತೆಗೆ ಅವು ದೊಡ್ಡವು, ಗಟ್ಟಿ, ಕೆಲವಕ್ಕೆ ಚೂಪಾದ ತುದಿ ಬೇರೆ. ವಿಷಕ್ಕಿಂತ ಮುಂಚೆ ಕರುಳಿಗೆ ಅಡ್ಡ ಕೂರುವ ಭಯವೇ ದೊಡ್ಡದು. ಸಪೋಟದ ಬೀಜದ ತುದಿಯಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತದೆ, ಅದನ್ನೂ ಗಮನಿಸಿ ತೆಗೆಯಿರಿ.

ಸಿಪ್ಪೆಯ ವಿಷಯಕ್ಕೆ ಬಂದರೆ, ಸೇಬು, ಪೇರ್ ಹಣ್ಣುಗಳ ತೆಳು ಸಿಪ್ಪೆ ಇದ್ದರೂ ನಡೆಯುತ್ತದೆ. ಬಾಳೆ, ಮಾವು, ಕಲ್ಲಂಗಡಿ, ಖರ್ಬೂಜ, ಪಪ್ಪಾಯಿ, ಅನಾನಸ್, ಕಿತ್ತಳೆ, ಇವುಗಳ ಸಿಪ್ಪೆ ಪೂರ್ತಿ ತೆಗೆಯಬೇಕು. ಕಲ್ಲಂಗಡಿಯ ಹಸಿರು ಸಿಪ್ಪೆಯನ್ನು ನಾಯಿ ಖುಷಿಯಿಂದ ಕಡಿಯುತ್ತದೆ, ನೋಡುವುದಕ್ಕೂ ಚೆಂದ. ಆದರೆ ಅದರ ದೊಡ್ಡ ತುಂಡು ಅರಗುವುದಿಲ್ಲ. ಮಾವಿನ ಸಿಪ್ಪೆ ಕೆಲವು ಮನುಷ್ಯರಿಗೆ ತುಟಿ ಉರಿಸುತ್ತದೆ, ಅಲ್ವಾ? ಅದಕ್ಕೆ ಕಾರಣವಾದ ಅಂಶ ನಾಯಿಯ ಬಾಯಿಗೂ ಒಳ್ಳೆಯದಲ್ಲ.

ಇನ್ನು ಕತ್ತರಿಸುವುದು. 5 ಕೆಜಿಯ ಒಳಗಿನ ಪುಟ್ಟ ನಾಯಿಗೆ ಕಡಲೆಕಾಳಿನಷ್ಟು. ಮಧ್ಯಮ ನಾಯಿಗೆ 1 ಸೆಂಟಿಮೀಟರ್ ಚೌಕ. ದೊಡ್ಡ ನಾಯಿಗೂ 2 ಸೆಂಟಿಮೀಟರ್ ಮೀರಬೇಡಿ. ದುಂಡಗಿನ ಹಣ್ಣುಗಳು, ಉದಾಹರಣೆಗೆ ಬ್ಲೂಬೆರ್ರಿ, ಪುಟ್ಟ ನಾಯಿಯ ಗಂಟಲಿಗೆ ಸರಿಯಾಗಿ ಮುಚ್ಚಳದ ಹಾಗೆ ಕೂರಬಹುದು. ಅವನ್ನು ಅರ್ಧ ಮಾಡಿ, ಇಲ್ಲವೇ ಬೆರಳಿನಲ್ಲಿ ಅಪ್ಪಚ್ಚಿ ಮಾಡಿ ಕೊಡಿ. ಪಗ್ ಥರದ ಚಪ್ಪಟೆ ಮೂತಿಯ ನಾಯಿಗಳು ಉಸಿರಾಡುತ್ತಾ ನುಂಗುವುದಕ್ಕೇ ಕಷ್ಟಪಡುತ್ತವೆ. ಅವಕ್ಕೆ ಮೆತ್ತಗಿನ ಹಣ್ಣೇ ಸರಿ.

ಬೇಸಿಗೆಯಲ್ಲಿ ಫ್ರೀಜರ್‌ನಲ್ಲಿಟ್ಟ ತುಂಡುಗಳನ್ನು ಕೊಡುವವರಿದ್ದಾರೆ. ಕೊಡಬಹುದು, ಆದರೆ ಕಲ್ಲಿನಷ್ಟು ಗಟ್ಟಿ ಇರುವಾಗ ಬೇಡ. ಹಲ್ಲು ಬಿರುಕು ಬಿಡುತ್ತದೆ. ಐದು ನಿಮಿಷ ಹೊರಗಿಟ್ಟು, ಉಗುರಿನಿಂದ ಒತ್ತಿದರೆ ಇಳಿಯುವಷ್ಟು ಮೆತ್ತಗಾದ ಮೇಲೆ ಕೊಡಿ.

ಜ್ಯೂಸ್, ಜಾಮ್, ಸಕ್ಕರೆ ಪಾಕದ ಡಬ್ಬಿ ಹಣ್ಣು, ಒಣಗಿಸಿದ ಹಣ್ಣು, ಇವು ಯಾವುವೂ ಬೇಡ. ಜ್ಯೂಸಿನಲ್ಲಿ ನಾರು ಹೋಗಿ ಸಕ್ಕರೆ ಉಳಿದಿರುತ್ತದೆ. ಒಣಹಣ್ಣಿನಲ್ಲಿ ಅದೇ ಸಕ್ಕರೆ ಹಲವು ಪಟ್ಟು ಒತ್ತಾಗಿರುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. "ಶುಗರ್ ಫ್ರೀ" ಅಂತ ಬರೆದಿರುವ ಹಣ್ಣಿನ ಮೊಸರು, ಜಾಮ್, ಜೆಲ್ಲಿಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರಬಹುದು. ಕೆಲವು ಪೊಟ್ಟಣಗಳ ಮೇಲೆ ಇದನ್ನು ಬರ್ಚ್ ಶುಗರ್ ಅಥವಾ ಇ967 ಅಂತ ಬರೆದಿರುತ್ತಾರೆ. ನಮಗೆ ಅದು ಏನೂ ಮಾಡುವುದಿಲ್ಲ. ನಾಯಿಯ ಮೈಯಲ್ಲಿ ಅದು ಒಮ್ಮೆಲೇ ಇನ್ಸುಲಿನ್ ಏರಿಸಿ, ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ. ಅರ್ಧ ಗಂಟೆಯಲ್ಲೇ ನಾಯಿ ತೂರಾಡಬಹುದು, ಫಿಟ್ಸ್ ಬರಬಹುದು. ಆಮೇಲೆ ಲಿವರ್ ಕೂಡ ಹಾಳಾಗಬಹುದು. ಪೊಟ್ಟಣ ಓದದೆ ಒಂದು ಚಮಚವೂ ಕೊಡಬೇಡಿ.

ನಾಲ್ಕನೆಯದು: ಎಷ್ಟು ಅನ್ನುವ ಲೆಕ್ಕ

ಪಶುವೈದ್ಯರು ಹೇಳುವ ಸರಳ ನಿಯಮ ಒಂದಿದೆ. ದಿನದ ಕ್ಯಾಲೊರಿಯಲ್ಲಿ 90 ಭಾಗ ಊಟದಿಂದ ಬರಬೇಕು. ಬಿಸ್ಕತ್ತು, ಹಣ್ಣು, ನಾವು ತಟ್ಟೆಯಿಂದ ಕೊಡುವ ತುತ್ತು, ಎಲ್ಲ ಸೇರಿ 10 ಭಾಗ ಮೀರಬಾರದು.

ನಿಮ್ಮ ನಾಯಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ನೋಡಬಹುದು. ನಾಯಿಯ ತೂಕವನ್ನು ಕೆಜಿಯಲ್ಲಿ ಮೂರು ಸಲ ಹಾಕಿ ಒಂದಕ್ಕೊಂದು ಗುಣಿಸಿ (ತೂಕ × ತೂಕ × ತೂಕ). ಬಂದದ್ದಕ್ಕೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. ಅದನ್ನು 70ರಿಂದ ಗುಣಿಸಿ. ಇದು ಸುಮ್ನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಹರಣ ಆಗಿರುವ, ಸಾಮಾನ್ಯವಾಗಿ ಓಡಾಡಿಕೊಂಡಿರುವ, ಪೂರ್ತಿ ಬೆಳೆದ ನಾಯಿಗೆ ಇದನ್ನು 1.6ರಿಂದ ಗುಣಿಸಿ. ಉದಾಹರಣೆಗೆ 10 ಕೆಜಿ ನಾಯಿ: 10 × 10 × 10 ಅಂದರೆ 1000. ವರ್ಗಮೂಲ 31.6, ಮತ್ತೆ ವರ್ಗಮೂಲ 5.62. 70ರಿಂದ ಗುಣಿಸಿದರೆ 394. 1.6ರಿಂದ ಗುಣಿಸಿದರೆ 630ರ ಹತ್ತಿರ. ಇದರಲ್ಲಿ ಹತ್ತನೇ ಒಂದು ಭಾಗ, 63 ಕ್ಯಾಲೊರಿ, ಎಲ್ಲ ತಿಂಡಿಗೂ ಸೇರಿ. ಇದೇ ಲೆಕ್ಕದಲ್ಲಿ 5 ಕೆಜಿ ನಾಯಿಗೆ 37, 25 ಕೆಜಿ ನಾಯಿಗೆ 125 ಬರುತ್ತದೆ.

ಬಿಸ್ಕತ್ತು ಕೂಡ ಕೊಡುತ್ತೇವೆ, ಹಾಗಾಗಿ ನಾನು ಹಣ್ಣಿಗೆ ಅರ್ಧ ಮಾತ್ರ ಮೀಸಲಿಡುತ್ತೇನೆ. 10 ಕೆಜಿ ನಾಯಿಗೆ ಸುಮಾರು 30 ಕ್ಯಾಲೊರಿ. ಅಂದರೆ 100 ಗ್ರಾಂ ಕಲ್ಲಂಗಡಿ. ಅಥವಾ 55 ಗ್ರಾಂ ಸೇಬು, ಮಧ್ಯಮ ಗಾತ್ರದ ಸೇಬಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಥವಾ 50 ಗ್ರಾಂ ಮಾವಿನ ತಿರುಳು. ಬಾಳೆಹಣ್ಣಾದರೆ ಬರೀ 33 ಗ್ರಾಂ, ಕಾಲು ಹಣ್ಣಿಗಿಂತ ಸ್ವಲ್ಪ ಜಾಸ್ತಿ. ಇಡೀ ಬಾಳೆಹಣ್ಣು ಕೊಟ್ಟುಬಿಟ್ಟರೆ ಒಂದೇ ಸಲಕ್ಕೆ 100 ಕ್ಯಾಲೊರಿ ದಾಟುತ್ತದೆ! ಪುಟ್ಟ ನಾಯಿಗೆ ಅದು ಒಂದು ಹೊತ್ತಿನ ಊಟಕ್ಕೆ ಹತ್ತಿರ.

ಇದು ಮೇಲಿನ ಮಿತಿ. ಇಷ್ಟು ಕೊಡಲೇಬೇಕು ಅಂತ ಅಲ್ಲ. ದಿನಾ ಕೊಡಬೇಕು ಅಂತಲೂ ಇಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕೂ ಜನ ಕೊಟ್ಟಿರುತ್ತಾರೆ, ಯಾರಿಗೂ ಲೆಕ್ಕ ಇರುವುದಿಲ್ಲ. ನಾವು ಬೆಳಿಗ್ಗೆಯೇ ಒಂದು ಪುಟ್ಟ ಡಬ್ಬಿಯಲ್ಲಿ ಆ ದಿನದ ಪಾಲು ಹಾಕಿಡುತ್ತೇವೆ. ಯಾರು ಕೊಟ್ಟರೂ ಅದರಿಂದಲೇ. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು.

ಐದನೆಯದು: ಹೊಸ ಹಣ್ಣನ್ನು ಪರಿಚಯಿಸುವುದು

ಒಂದು ಸಲಕ್ಕೆ ಒಂದೇ ಹೊಸ ಹಣ್ಣು. ಮೊದಲ ದಿನ ಒಂದೇ ತುಂಡು, ಅದೂ ಬೆಳಗಿನ ಹೊತ್ತಿನಲ್ಲಿ. ರಾತ್ರಿ ಕೊಟ್ಟರೆ ಹೊಟ್ಟೆ ಕೆಟ್ಟಾಗ ನೋಡುವವರು ಯಾರೂ ಎಚ್ಚರ ಇರುವುದಿಲ್ಲ. ಎರಡು ದಿನ ಕಾಯಿರಿ. ಮಲ ಎಂದಿನ ಹಾಗೇ ಇದೆಯಾ, ಹೊಟ್ಟೆ ಗುಡುಗುಡು ಅನ್ನುತ್ತಿದೆಯಾ, ಕಿವಿ ಪಾದ ಕೆರೆದುಕೊಳ್ಳುತ್ತಿದೆಯಾ ಅಂತ ನೋಡಿ. ಎಲ್ಲ ಸರಿ ಇದ್ದರೆ ಎರಡು ಮೂರು ತುಂಡಿಗೆ ಹೋಗಿ.

ಒಂದು ಸಲ ಮಲ ತೆಳ್ಳಗಾದರೆ ಹಣ್ಣು ನಿಲ್ಲಿಸಿ, ನೀರು ಸದಾ ಸಿಗುವಂತೆ ನೋಡಿಕೊಳ್ಳಿ. ಮತ್ತೆ ಮತ್ತೆ ಭೇದಿಯಾದರೆ, ರಕ್ತ ಕಂಡರೆ, ನಾಯಿ ಮಂಕಾದರೆ ಡಾಕ್ಟರ ಹತ್ತಿರ ಹೋಗಿ. ಮುಖ ಊದಿಕೊಂಡರೆ, ಮೈಮೇಲೆ ಗಂಧೆ ಎದ್ದರೆ, ಉಸಿರಿಗೆ ಕಷ್ಟಪಟ್ಟರೆ ಒಂದು ನಿಮಿಷವೂ ಕಾಯಬೇಡಿ.

ಕೊಡುವ ಜಾಗವೂ ಮುಖ್ಯ. ನೀವು ಊಟಕ್ಕೆ ಕೂತಾಗ ಮೇಜಿನಿಂದ ಕೊಟ್ಟರೆ ಅದು ಪ್ರತಿ ಊಟಕ್ಕೂ ಬಂದು ಕಾಡುತ್ತದೆ. ಒಂದು ದಿನ ಕೆಳಗೆ ಬಿದ್ದ ದ್ರಾಕ್ಷಿಯನ್ನೂ ನಿಮಗಿಂತ ಮುಂಚೆ ಅದೇ ಎತ್ತಿಕೊಳ್ಳುತ್ತದೆ. ಅದರದ್ದೇ ಬಟ್ಟಲಿಗೆ ಹಾಕಿ. ಎರಡು ನಾಯಿ ಇದ್ದರೆ ಬೇರೆ ಬೇರೆ ಕಡೆ ಹಾಕಿ. ಪೈಪೋಟಿಗೆ ಬಿದ್ದ ನಾಯಿ ಅಗಿಯುವ ಆ ಚೂರುಪಾರನ್ನೂ ಬಿಟ್ಟು ಗಬಕ್ಕನೆ ನುಂಗುತ್ತದೆ.

ಯಾವ ಹಣ್ಣಿನಿಂದ ಶುರು ಮಾಡುವುದು?

ನನ್ನ ಮೊದಲ ಆಯ್ಕೆ ಸೇಬು. ವರ್ಷಪೂರ್ತಿ ಸಿಗುತ್ತದೆ, ಕತ್ತರಿಸಲು ಸುಲಭ, ನಾರು ಇದೆ, ಹೆಚ್ಚಿನ ನಾಯಿಗಳಿಗೆ ಒಗ್ಗುತ್ತದೆ. ಹಲ್ಲಿಲ್ಲದ ಮುದಿ ನಾಯಿಗೆ ಬೇಯಿಸಿ ಹಿಸುಕಿ ಕೊಡಬಹುದು, ಸಕ್ಕರೆ ಹಾಕದೆ.

ಕಲ್ಲಂಗಡಿ ಎರಡನೆಯದು. 100ರಲ್ಲಿ 92 ಭಾಗ ನೀರೇ. ಜಾಸ್ತಿ ಕೊಟ್ಟರೆ ಮಲ ತೆಳ್ಳಗಾಗುತ್ತದೆ, ಅಷ್ಟೇ. ಕಪ್ಪು ಬೀಜಗಳನ್ನು ತೆಗೆಯಿರಿ. ಖರ್ಬೂಜವೂ ಹೀಗೇ, ಆದರೆ ಸ್ವಲ್ಪ ಹೆಚ್ಚು ಸಿಹಿ. ಬ್ಲೂಬೆರ್ರಿ, ಸ್ಟ್ರಾಬೆರ್ರಿ ಒಳ್ಳೆಯವು. ಸ್ಟ್ರಾಬೆರ್ರಿಯ ಹಸಿರು ತೊಟ್ಟು ತೆಗೆದುಬಿಡಿ. ಬಾಳೆಹಣ್ಣು ಮೆತ್ತಗೆ, ಸುಲಭ. ಕಹಿ ಮಾತ್ರೆ ಬಚ್ಚಿಟ್ಟು ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ, ಆದರೆ ಮೊದಲು ಡಾಕ್ಟರನ್ನು ಕೇಳಿಕೊಳ್ಳಿ, ಕೆಲವು ಮಾತ್ರೆ ಖಾಲಿ ಹೊಟ್ಟೆಗೇ ಹೋಗಬೇಕು.

ಪಪ್ಪಾಯಿ ಚೆನ್ನಾಗಿ ಮಾಗಿರಬೇಕು, ಬೀಜ ಒಂದೂ ಇರಬಾರದು. ಸೀಬೆಹಣ್ಣಿನ ಬೀಜಗಳು ಸಣ್ಣವು, ಗಟ್ಟಿ, ಅದಕ್ಕೇ ಹೊರಭಾಗದ ತಿರುಳಿನ ಒಂದೆರಡು ಚೂರು ಸಾಕು. ಅನಾನಸ್ ಹುಳಿ, ಒಂದೆರಡು ತುಂಡು ಮಾತ್ರ, ನಡುವಿನ ಗಟ್ಟಿ ಭಾಗ ಬೇಡ. ಕಿತ್ತಳೆ ಒಂದು ತೊಳೆ, ಬೀಜ ತೆಗೆದು. ಬೇಡ ಅಂದರೆ ಬಲವಂತ ಮಾಡಬೇಡಿ. ಮಾಗಿದ ಕೆಂಪು ಟೊಮೆಟೊ ಸ್ವಲ್ಪ ಪರವಾಗಿಲ್ಲ, ಅದರ ಕಾಯಿ, ಎಲೆ, ಕಾಂಡ ಬೇಡ. ದಾಳಿಂಬೆ ಕಾಳು ಹಲವು ನಾಯಿಗಳಿಗೆ ವಾಂತಿ ತರುತ್ತದೆ, ನಾನು ಕೊಡುವುದಿಲ್ಲ. ಹಲಸಿನ ತೊಳೆ ಅಂಟು, ಬೀಜ ದೊಡ್ಡದು. ಇಷ್ಟು ಸುಲಭದ ಹಣ್ಣುಗಳಿರುವಾಗ ಅದನ್ನು ಕೊಡುವ ಅಗತ್ಯ ನನಗೆ ಕಂಡಿಲ್ಲ.

ಈ ನಾಯಿಗಳಿಗೆ ಕೇಳದೆ ಕೊಡಬೇಡಿ

ಸಕ್ಕರೆ ಕಾಯಿಲೆ ಇರುವ ನಾಯಿಗೆ ಹಣ್ಣಿನ ಸಿಹಿಯೂ ಸಿಹಿಯೇ. ಇನ್ಸುಲಿನ್ ಲೆಕ್ಕ ತಪ್ಪುತ್ತದೆ. ಕಿಡ್ನಿ ತೊಂದರೆ ಇರುವ ನಾಯಿಗೆ ಬಾಳೆಹಣ್ಣಿನ ಪೊಟ್ಯಾಸಿಯಂ ಭಾರವಾಗಬಹುದು. ಮೂತ್ರದಲ್ಲಿ ಕಲ್ಲು ಆಗಿದ್ದ ನಾಯಿ, ಮೇದೋಜೀರಕದ ಉರಿಯೂತ ಆಗಿದ್ದ ನಾಯಿ, ಡಾಕ್ಟರು ಬರೆದುಕೊಟ್ಟ ವಿಶೇಷ ಆಹಾರದಲ್ಲಿರುವ ನಾಯಿ, ಇವಕ್ಕೆಲ್ಲ ಒಂದು ತುಂಡು ಕೊಡುವ ಮುಂಚೆಯೂ ಕೇಳಬೇಕು. ಅಲರ್ಜಿ ಪತ್ತೆ ಮಾಡಲು ಒಂದೇ ಬಗೆಯ ಆಹಾರ ಕೊಡುತ್ತಿರುವ ವಾರಗಳಲ್ಲಿ ಒಂದು ಚೂರು ಹಣ್ಣು ಬಿದ್ದರೂ ಅಷ್ಟು ದಿನದ ಶ್ರಮ ಹಾಳು.

ಮರಿಗಳ ವಿಷಯದಲ್ಲಿ ಅವಸರ ಬೇಡ. ಹಾಲು ಬಿಟ್ಟು ಗಟ್ಟಿ ಊಟಕ್ಕೆ ಹೊಟ್ಟೆ ಪೂರ್ತಿ ಒಗ್ಗಲಿ. ಅದರ ಪುಟ್ಟ ಹೊಟ್ಟೆಯಲ್ಲಿ ಹಣ್ಣು ತುಂಬಿಕೊಂಡರೆ ಬೆಳೆಯುವುದಕ್ಕೆ ಬೇಕಾದ ಊಟಕ್ಕೆ ಜಾಗ ಇರುವುದಿಲ್ಲ.

ಕೈಯಿಂದ ಕೊಡದಿದ್ದರೂ ಹೊಟ್ಟೆ ಸೇರುವ ಹಣ್ಣು

ಚಿನ್ನುವಿನ ವಿಷಯದಲ್ಲಿ ನಾವು ತಪ್ಪಿದ್ದು ಇಲ್ಲೇ. ತಟ್ಟೆಯ ಮೇಲೆ ಎಷ್ಟು ಎಚ್ಚರ ಇತ್ತೋ ಬುಟ್ಟಿಯ ಮೇಲೆ ಅಷ್ಟು ಇರಲಿಲ್ಲ. ಈಗ ನಮ್ಮ ಕಸದ ಬುಟ್ಟಿಗೆ ಒತ್ತಿ ಮುಚ್ಚುವ ಮುಚ್ಚಳ ಇದೆ. ಮಾವು ತಿಂದ ದಿನ ಓಟೆ ಎಣಿಸಿ, ಪೇಪರಿನಲ್ಲಿ ಸುತ್ತಿ ಮನೆಯಿಂದ ಹೊರಗೆ ಹಾಕುತ್ತೇವೆ. ಎಷ್ಟು ಹಣ್ಣು ಕತ್ತರಿಸಿದೆವೋ ಅಷ್ಟು ಓಟೆ ಇರಬೇಕು. ದ್ರಾಕ್ಷಿ ತಂದರೆ ಫ್ರಿಜ್ ಒಳಗೆ, ಮೇಜಿನ ಮೇಲಿನ ಬುಟ್ಟಿಯಲ್ಲಿ ಅಲ್ಲ.

ಮರದ ಕೆಳಗೆ ಬಿದ್ದು ಕೊಳೆತ ಹಣ್ಣು ಇನ್ನೊಂದು ಅಪಾಯ. ಹುಳಿತ ಹಣ್ಣಿನಲ್ಲಿ ಆಲ್ಕೊಹಾಲ್ ಹುಟ್ಟಿರುತ್ತದೆ. ತಿಂದ ನಾಯಿ ತೂರಾಡುತ್ತದೆ, ಮೈ ತಣ್ಣಗಾಗುತ್ತದೆ. ಬೂಸಲು ಹಿಡಿದ ಹಣ್ಣಿನಲ್ಲಿ, ಗೊಬ್ಬರದ ಗುಂಡಿಯಲ್ಲಿ, ನಡುಕ ಮತ್ತು ಫಿಟ್ಸ್ ತರುವ ವಿಷಗಳು ಇರಬಹುದು. ವಾಕಿಂಗ್ ಹೋದಾಗ "ಬಿಡು" ಅಂದರೆ ಬಾಯಲ್ಲಿರುವುದನ್ನು ಬಿಡುವ ಅಭ್ಯಾಸ ಮಾಡಿಸಿ. ಮನೆಯಲ್ಲಿ ಸೇಬಿನ ತುಂಡು ಹಿಡಿದೇ ಇದನ್ನು ಕಲಿಸಬಹುದು. ಬಿಟ್ಟ ಕೂಡಲೇ ಅದಕ್ಕಿಂತ ರುಚಿಯಾದದ್ದು ಸಿಗಬೇಕು, ಆಗ ಬೇಗ ಕಲಿಯುತ್ತದೆ.

ತಿನ್ನಬಾರದ್ದನ್ನು ತಿಂದುಬಿಟ್ಟರೆ

ದ್ರಾಕ್ಷಿ, ಒಣದ್ರಾಕ್ಷಿ, ಕ್ಸೈಲಿಟಾಲ್ ಇರುವ ತಿಂಡಿ ಅಂತ ಗೊತ್ತಾದರೆ ಲಕ್ಷಣ ಕಾಣುವವರೆಗೆ ಕಾಯಬೇಡಿ. ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ. ನಾಯಿಯ ತೂಕ, ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು, ಈ ನಾಲ್ಕು ಮಾತು ಮೊದಲು ಹೇಳಿ. ಪೊಟ್ಟಣ ಇದ್ದರೆ ಜೊತೆಗೆ ಒಯ್ಯಿರಿ. ವಾಂತಿ ಮಾಡಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದುಕೊಂಡು ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.

ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದು ತುಂಬಾ ಅಪಾಯ, ಉಪ್ಪೇ ವಿಷವಾಗಿ ನಾಯಿ ಸಾಯಬಹುದು. ಹೈಡ್ರೋಜನ್ ಪೆರಾಕ್ಸೈಡ್ ಹೊಟ್ಟೆಯ ಒಳಗೋಡೆಯನ್ನು ಹುಣ್ಣು ಮಾಡುತ್ತದೆ. ಡಾಕ್ಟರ ಹತ್ತಿರ ಇದಕ್ಕೆಂದೇ ಇಂಜೆಕ್ಷನ್ ಇದೆ. ದ್ರಾಕ್ಷಿ ತಿಂದ ಮೊದಲ ಕೆಲವು ಗಂಟೆಗಳಲ್ಲಿ ವಾಂತಿ ಮಾಡಿಸಿದರೆ ಕಿಡ್ನಿ ಉಳಿಯುವ ಸಾಧ್ಯತೆ ಜಾಸ್ತಿ. ಆಮೇಲೆ ಡ್ರಿಪ್ ಹಾಕುತ್ತಾರೆ, ಎರಡು ಮೂರು ದಿನ ರಕ್ತ ಪರೀಕ್ಷೆ ಮಾಡಿ ಕಿಡ್ನಿ ನೋಡುತ್ತಾರೆ. ಮಾರನೇ ದಿನ ನಾಯಿ ಲವಲವಿಕೆಯಿಂದ ಇದ್ದರೂ ಆ ಪರೀಕ್ಷೆಗಳನ್ನು ತಪ್ಪಿಸಬೇಡಿ.

ಗಂಟಲಲ್ಲಿ ಸಿಕ್ಕಿಕೊಂಡರೆ ನಾಯಿ ಬಾಯಿಯನ್ನು ಪಂಜದಿಂದ ಕೆರೆಯುತ್ತದೆ, ಜೊಲ್ಲು ಸುರಿಸುತ್ತದೆ, ಒಸಡು ನೀಲಿಗೆ ತಿರುಗುತ್ತದೆ. ಬಾಯಿ ತೆರೆದು ನೋಡಿ. ಕಣ್ಣಿಗೆ ಕಂಡರೆ ಮಾತ್ರ ಬೆರಳಿನಿಂದ ತೆಗೆಯಿರಿ. ಕಾಣದೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಪುಟ್ಟ ನಾಯಿಯನ್ನು ಹಿಂಗಾಲು ಮೇಲೆ ಮಾಡಿ, ತಲೆ ಕೆಳಗೆ ಬರುವಂತೆ ಹಿಡಿಯಿರಿ. ದೊಡ್ಡ ನಾಯಿಯಾದರೆ ಹಿಂದಿನಿಂದ ತಬ್ಬಿ, ಪಕ್ಕೆಲುಬು ಮುಗಿಯುವ ಕಡೆ ಹೊಟ್ಟೆಯನ್ನು ಒಳಕ್ಕೆ ಮತ್ತು ಮುಂದಕ್ಕೆ ಜೋರಾಗಿ ಒತ್ತಿ. ತುಂಡು ಹೊರಬಂದರೂ ಡಾಕ್ಟರಿಗೆ ತೋರಿಸಿ.

ಓಟೆ ಅಥವಾ ದೊಡ್ಡ ಬೀಜ ನುಂಗಿದ ಅನುಮಾನ ಇದ್ದರೆ ವಾಂತಿ ಮಾಡಿಸುವ ಮಾತೇ ಬೇಡ, ಬರುವ ದಾರಿಯಲ್ಲಿ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ. ಹೊಟ್ಟೆಯಲ್ಲಿ ಇರುವಾಗಲೇ ಗೊತ್ತಾದರೆ ಕೊಳವೆ ಹಾಕಿ ಎಂಡೋಸ್ಕೋಪಿಯಲ್ಲಿ ತೆಗೆಯುವ ಅವಕಾಶ ಇರುತ್ತದೆ, ಕರುಳಿಗೆ ಇಳಿದು ಸಿಕ್ಕಿಕೊಂಡರೆ ಆಪರೇಷನ್ನೇ. ಒಂದು ವಾರ ಪ್ರತಿ ಸಲದ ಮಲ ನೋಡಿ. ಓಟೆ ಹೊಟ್ಟೆಯಲ್ಲೇ ದಿನಗಟ್ಟಲೆ ಸುಮ್ಮನೆ ಕೂತಿದ್ದು ಆಮೇಲೆ ಕರುಳಿಗೆ ಜಾರಬಹುದು. ಊಟ ಬಿಟ್ಟು, ನೀರನ್ನೂ ವಾಂತಿ ಮಾಡಿ, ಬೆನ್ನು ಬಾಗಿಸಿ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ಕಾರಿಗೆ ಹತ್ತಿಸಿ, ಹೊರಟುಬಿಡಿ. ದಾರಿಯಲ್ಲಿ ಫೋನ್ ಮಾಡಿ, ಎಂದಿನಿಂದ ವಾಂತಿ, ಕೊನೆಯ ಸಲ ಮಲ ಯಾವಾಗ ಆಯಿತು, ಯಾವ ಹಣ್ಣಿನ ಅನುಮಾನ ಇದೆ ಅಂತ ಮುಂಚೆಯೇ ಹೇಳಿದರೆ ಅವರು ಸ್ಕ್ಯಾನಿಗೆ ತಯಾರಾಗಿರುತ್ತಾರೆ.